ಗದ್ದೆ ಕಾಣದ ಸಲಹೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಹೊರಡುವ ಹೆಂಗಸಿಗೆ ಸಾಮಾನ್ಯವಾಗಿ ಹೇಳುವುದು ಇಷ್ಟು: ಚಿಕಿತ್ಸೆಯಾದ ಬದಿಯ ಕೈಗೆ ಸೂಜಿ ಚುಚ್ಚಿಸಬೇಡಿ, ಬಿ.ಪಿ. ನೋಡಿಸಬೇಡಿ, ಭಾರ ಎತ್ತಬೇಡಿ. ಹೇಳುವುದು ಕಾಳಜಿಯಿಂದಲೇ. ಆದರೆ ನಂಜನಗೂಡು, ತಿ. ನರಸೀಪುರದ ಗದ್ದೆ ಬದುವಿನ ಮೇಲೆ ನಿಂತು ನೋಡಿದರೆ ಈ ಸಲಹೆ ಸಾಲದು.

ಕಬಿನಿ ನಾಲೆಗೆ ನೀರು ಬಿಟ್ಟರೆ ಇಲ್ಲಿ ನಾಟಿ ಶುರು. ಬಗ್ಗಿದ ಹೆಂಗಸಿನ ಬೆರಳು ಪೈರಿನ ಜೊತೆ ದಿನವಿಡೀ ಕೆಸರಿಗಿಳಿಯುತ್ತದೆ. ಸಂಜೆಗೆ ಉಗುರಿನ ಸಂದು ನೆನೆದು ಬಿರಿದಿರುತ್ತದೆ. ಕಂಕುಳಿನ ದುಗ್ಧಗ್ರಂಥಿ ತೆಗೆಸಿಕೊಂಡವಳ ಕೈಯಲ್ಲಿ ದುಗ್ಧರಸ ಸರಾಗವಾಗಿ ಹರಿಯುವುದಿಲ್ಲ. ಆ ಬಿರುಕಿನಿಂದ ಹೊಕ್ಕ ರೋಗಾಣುವಿಗೆ ತಡೆ ಕಡಿಮೆ. ಕೆಲವೇ ಗಂಟೆಗಳಲ್ಲಿ ಕೈ ಕೆಂಪಾಗಿ ಬಿಸಿಯೇರಬಹುದು, ಚಳಿಜ್ವರ ಬರಬಹುದು. ಬೆಳಿಗ್ಗೆ ಸಲೀಸಾಗಿ ತಿರುಗುತ್ತಿದ್ದ ಬಳೆ ರಾತ್ರಿಗೆ ಅಲುಗುವುದಿಲ್ಲ. ಇದೇ ಸೆಲ್ಯುಲೈಟಿಸ್. ಒಮ್ಮೆ ಬಂದರೆ ಉಳಿದ ದುಗ್ಧನಾಳಗಳೂ ಕೆಡಬಹುದು. ದುಗ್ಧರಸ ನಿಂತು ಕೈಯ ಬಾವು ಹೆಚ್ಚಿದಷ್ಟೂ ಸೋಂಕು ಮರಳುವ ಸಾಧ್ಯತೆ ಹೆಚ್ಚು.

2016ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 632 ಮಹಿಳೆಯರ ಕೈ ಅಳೆದು ನೋಡಿತು. ರಕ್ತ ತೆಗೆದದ್ದಕ್ಕೂ ಚುಚ್ಚುಮದ್ದಿಗೂ ಬಾವಿಗೂ ನಂಟು ಕಾಣಲಿಲ್ಲ; ಸೆಲ್ಯುಲೈಟಿಸ್‌ಗೆ ಕಂಡಿತು. 2009ರ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಬಾವಿದ್ದ 141 ಮಹಿಳೆಯರ ಪೈಕಿ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಭಾರ ಎತ್ತಿದವರ ಕೈ ಹೆಚ್ಚು ಊದಲಿಲ್ಲ. ಅಂದರೆ ನಮ್ಮ ಸಲಹೆ ಸೂಜಿಗೆ ಹೆದರಿ ಕೆಸರನ್ನು ಮರೆತಿದೆ. ಕೂಲಿಯೇ ಅನ್ನವಾದವಳಿಗೆ ‘ಕೆಲಸ ಬಿಡಿ’ ಎಂದರೆ ಆ ಮಾತಿನ ಜೊತೆ ಉಳಿದ ಎಚ್ಚರಿಕೆಯನ್ನೂ ಆಕೆ ಬಿಟ್ಟುಬಿಡುತ್ತಾಳೆ.

ಆ ಜಾಗವನ್ನು ನೆರೆಮನೆಯ ಮಾತು ತುಂಬುತ್ತದೆ: “ಅರಿಶಿನ ಸುಣ್ಣ ಹಚ್ಚವ್ವ, ಇಳೀತದೆ.” ಸುಣ್ಣ ಚರ್ಮವನ್ನು ಸುಡಬಲ್ಲದು. ಅದಕ್ಕಿಂತ ದೊಡ್ಡ ನಷ್ಟ, ಆಂಟಿಬಯಾಟಿಕ್ ಶುರುವಾಗಬೇಕಿದ್ದ ಒಂದು ರಾತ್ರಿ.

ಕಾಸರಗೋಡಿನ ಅನ್ವಯಿಕ ಚರ್ಮರೋಗ ಸಂಸ್ಥೆ ದುಗ್ಧನಾಳ ಕೆಟ್ಟು ಕಾಲು ಊದಿದ ಆನೆಕಾಲು ರೋಗಿಗಳಿಗೆ ಕಲಿಸುವ ಪಾಠ ಇಲ್ಲಿಗೂ ಒಪ್ಪುತ್ತದೆ. ದಿನವೂ ತೊಳೆಯುವುದು, ಬೆರಳ ಸಂದು ಒಣಗುವಂತೆ ಒರೆಸುವುದು, ಬ್ಯಾಂಡೇಜ್ ಸುತ್ತುವುದು ಅಲ್ಲಿ ಚಿಕಿತ್ಸೆಯ ಭಾಗವೇ.

ಹಾಗಾಗಿ ಸಲಹೆ ಹೀಗಿರಲಿ: ಗದ್ದೆಗಿಳಿಯುವಾಗ ರಬ್ಬರ್ ಕೈಗವಸು, ಮನೆಗೆ ಬಂದೊಡನೆ ಸೋಪು, ಒಣ ಬಟ್ಟೆ, ಕೊಬ್ಬರಿ ಎಣ್ಣೆ, ಗೀರಿಗೆ ಶುದ್ಧ ಪಟ್ಟಿ, ಕೆಂಪು ಅಥವಾ ಜ್ವರ ಕಂಡರೆ ಅಂದೇ ತಾಲ್ಲೂಕು ಆಸ್ಪತ್ರೆ. ಬರೆದುಕೊಡುವ ಮುನ್ನ ಒಂದು ಪ್ರಶ್ನೆ ಕೇಳಿ: “ಏನು ಕೆಲಸ ಮಾಡ್ತೀರವ್ವ?”