ಮನೆಯ ಮೇಲೆ ಕೂತ ಬಾಕಿ

ಹೊಲಿಗೆಯ ಕೂಲಿ ಕೈಸೇರುವ ತನಕ ದರ್ಜಿ ಬಟ್ಟೆಯನ್ನು ಹಿಡಿದಿಟ್ಟುಕೊಳ್ಳಬಹುದು. 1872ರ ನಮ್ಮ ಕರಾರು ಕಾಯ್ದೆಯೇ ಅವನಿಗೆ ಆ ಹಕ್ಕು ಕೊಟ್ಟಿದೆ. ಮನೆ ಕಟ್ಟಿದವನು ಏನನ್ನು ಹಿಡಿದಿಟ್ಟುಕೊಳ್ಳಬೇಕು? ಇಟ್ಟಿಗೆ ಗೋಡೆಗೆ ಸೇರಿದ ಮೇಲೆ ಅದು ಜಾಗದ ಮಾಲೀಕನದು. ಅಮೆರಿಕದ ಮೆಕ್ಯಾನಿಕ್ಸ್ ಲೀನ್ ಕಾನೂನು, ಅಂದರೆ ದುಡಿದವನ ಬಾಕಿಗೆ ಆಸ್ತಿಯ ಮೇಲೆಯೇ ಹಕ್ಕು ಕೊಡುವ ಕಾನೂನು, ಈ ತೊಡಕಿಗೆ ಉತ್ತರ. ವಾಷಿಂಗ್ಟನ್ ನಗರ ಬೇಗ ಎದ್ದು ನಿಲ್ಲಲೆಂದು ಮೇರಿಲ್ಯಾಂಡ್ 1791ರಲ್ಲಿ ಅದನ್ನು ಮೊದಲು ತಂದಿತು. ಕ್ಯಾಲಿಫೋರ್ನಿಯಾ ಆ ಹಕ್ಕನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ. ಕೌಂಟಿಯ ದಾಖಲೆ ಕಚೇರಿಯಲ್ಲಿ ಬಾಕಿಯನ್ನು ನೋಂದಾಯಿಸಿದರೆ, ನಮ್ಮ ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಸಾಲ ಕಾಣುವಂತೆ, ಆಸ್ತಿಯ ಮೇಲೆ ಋಣಭಾರ ಕೂರುತ್ತದೆ. ಆಮೇಲೆ ಮಾರುವುದೂ ಕಷ್ಟ, ಮರುಸಾಲವೂ ಕಷ್ಟ.

ಕಲ್ಪನೆಯೇನೋ ಸೊಗಸು. ಆದರೆ ಏಟು ಎಷ್ಟೋ ಸಲ ತಪ್ಪು ಮಾಡದವನ ಬೆನ್ನಿಗೆ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಕನ್ನಡಿಗ ಕುಟುಂಬವೊಂದು ಅಡುಗೆಮನೆ ಹೊಸದಾಗಿ ಮಾಡಿಸಿ ಗುತ್ತಿಗೆದಾರನಿಗೆ ಪೂರ್ತಿ ದುಡ್ಡು ಕೊಟ್ಟಿತೆನ್ನಿ. ಅವನು ಮರದಂಗಡಿಯ ಪಾಲನ್ನು ನುಂಗಿಹಾಕಿದರೆ ಅಂಗಡಿಯವನ ಲೀನ್ ಆ ಕುಟುಂಬದ ಮನೆಯ ಮೇಲೆಯೇ ಬರಬಹುದು. ಒಂದೇ ಮರಕ್ಕೆ ಎರಡು ಸಲ ಹಣ! ನ್ಯೂಯಾರ್ಕ್‌ನಲ್ಲಿ ಹಾಗಿಲ್ಲ. ಮಾಲೀಕ ಗುತ್ತಿಗೆದಾರನಿಗೆ ಇನ್ನೆಷ್ಟು ಕೊಡಬೇಕಿದೆಯೋ ಅಷ್ಟಕ್ಕೇ ಉಪಗುತ್ತಿಗೆದಾರನ ಲೀನ್ ಸೀಮಿತ. ನನಗೆ ಅದೇ ಹೆಚ್ಚು ನ್ಯಾಯವೆನಿಸುತ್ತದೆ, ದುಡಿದವನ ಕೈ ಅಲ್ಲಿ ಸ್ವಲ್ಪ ಸೋಲುತ್ತದೆಂದು ಗೊತ್ತಿದ್ದೂ.

ಕ್ಯಾಲಿಫೋರ್ನಿಯಾ ಮನೆಯವರನ್ನು ಪೂರ್ತಿ ಕೈಬಿಟ್ಟಿಲ್ಲ. ಉಪಗುತ್ತಿಗೆದಾರರೂ ಸರಕು ಕೊಟ್ಟವರೂ ತಮ್ಮ ಕೆಲಸ ಅಥವಾ ಸರಕು ಪೂರೈಕೆ ಶುರುವಾದ 20 ದಿನದೊಳಗೆ ಮಾಲೀಕನಿಗೆ ಪೂರ್ವಸೂಚನೆ ಕಳಿಸಬೇಕು. ಬೆದರಿಕೆಯೆಂದು ಗಾಬರಿಯಾಗಬೇಕಿಲ್ಲ; ಯಾರ್‍ಯಾರಿಗೆ ಹಣ ಮುಟ್ಟಬೇಕೆಂಬ ಪಟ್ಟಿ ಅದು. ಲೀನ್ ಹಕ್ಕು ಬಿಟ್ಟುಕೊಡುವ ಬಿಡುಗಡೆ ಪತ್ರವನ್ನು ಗುತ್ತಿಗೆದಾರ ಅವರಿಂದೆಲ್ಲ ತಂದರೆ ಮಾತ್ರ ಮುಂದಿನ ಕಂತು ಎಂದು ಮಾಲೀಕ ಪಟ್ಟು ಹಿಡಿಯಬಹುದು.

ನನ್ನ ದೊಡ್ಡ ತಕರಾರು ಗಡುವುಗಳ ಬಗ್ಗೆ. ಸೂಚನೆ ತಡವಾದರೆ ಅದಕ್ಕೆ ಮುಂಚಿನ 20 ದಿನಗಳ ಮತ್ತು ಅದರ ನಂತರದ ಕೆಲಸಕ್ಕಷ್ಟೇ ರಕ್ಷಣೆ. ಕೆಲಸ ಮುಗಿದ 90 ದಿನದೊಳಗೆ ನೋಂದಣಿ. ಮುಗಿಯಿತೆಂದು ಮಾಲೀಕ ದಾಖಲಿಸಿಬಿಟ್ಟರೆ ಉಪಗುತ್ತಿಗೆದಾರನಿಗೆ ಉಳಿಯುವುದು 30 ದಿನ. ನೋಂದಣಿಯಾಗಿ 90 ದಿನದೊಳಗೆ ದಾವೆ ಹೂಡದಿದ್ದರೆ ಲೀನ್ ಬಿದ್ದುಹೋಗುತ್ತದೆ. ಗುಮಾಸ್ತರಿರುವ ದೊಡ್ಡ ಸರಕು ಕಂಪನಿಗೆ ಇದು ದಿನಚರಿ. ಇಬ್ಬರನ್ನಿಟ್ಟುಕೊಂಡು ಟೈಲ್ಸ್ ಹಾಕುವವನಿಗೆ? ಕೂಲಿಯಾಳುಗಳಿಗೆ ಪೂರ್ವಸೂಚನೆಯಿಂದ ವಿನಾಯಿತಿಯಿದೆ, ಉಳಿದ ಗಡುವುಗಳಿಂದಿಲ್ಲ.

ಬಿಡುಗಡೆ ಪತ್ರದಲ್ಲೂ ಎರಡು ಬಗೆ, ಷರತ್ತಿನದು ಮತ್ತು ಷರತ್ತಿಲ್ಲದ್ದು. ಚೆಕ್ ಪಾಸಾಗುವ ಮೊದಲೇ ಎರಡನೆಯದಕ್ಕೆ ಸಹಿ ಹಾಕಿದವನ ಲೀನ್ ಹಕ್ಕು ಹೋದಂತೆಯೇ. ಹಾಗೆಂದು ಎಚ್ಚರಿಸುವ ಸಾಲುಗಳನ್ನು ಕಾನೂನು ನಮೂನೆಯಲ್ಲೇ ಅಚ್ಚು ಹಾಕಿಸಿದೆ, ಇಂಗ್ಲಿಷಿನಲ್ಲಿ. ಅಲ್ಲಿನ ಕಟ್ಟಡಗಳಲ್ಲಿ ದುಡಿಯುವ ಬಹಳಷ್ಟು ಜನರ ಮಾತು ಸ್ಪ್ಯಾನಿಷ್.