ಸದಾರಮೆಯ ಕಷ್ಟವೂ ಕಳ್ಳನ ಹಾಸ್ಯವೂ

ನಮ್ಮ ಜಿಲ್ಲೆಯವರೇ ಆದ ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ'ಯ ಹೆಸರನ್ನೆತ್ತಿದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರಸಿಕರು ಮೊದಲು ನೆನೆಯುವುದು ನಾಯಿಕೆಯನ್ನಲ್ಲ, ಕಳ್ಳನನ್ನು. ಗುಬ್ಬಿ ವೀರಣ್ಣನವರು ಆ ಪಾತ್ರಕ್ಕೆ ತಂದುಕೊಟ್ಟ ಕೀರ್ತಿಯೇ ಇದಕ್ಕೆ ಕಾರಣವೆಂಬುದು ನಿರ್ವಿವಾದ. ಆದರೆ ಆ ಕೀರ್ತಿಯ ನೆರಳಿನಲ್ಲಿ ಸದಾರಮೆಯು ಮರೆಯಾದಳೇ ಎಂಬುದನ್ನು ವಾಚಕರು ಕೊಂಚ ವಿಚಾರಿಸಬೇಕಾಗಿದೆ.

ಕಥೆಯು ಎಲ್ಲರೂ ಬಲ್ಲುದೇ. ವರ್ತಕನ ಮಗಳಾದ ಸದಾರಮೆಯನ್ನು ರಾಜಕುಮಾರನು ವರಿಸಲೆಳಸುವನು. ಲೋಭಿಯಾದ ತಂದೆಯು ರಾಜ್ಯವನ್ನೇ ತೆರವಾಗಿ ಕೇಳುವನು. ಕೊಬ್ಬರಿಯ ಧಾರಣೆಗಾಗಿ ಮಂಡಿಯ ಮುಂದೆ ಕಾದು ನಿಂತು ಬಲ್ಲ ನಮ್ಮವರಿಗೆ ಈ ವ್ಯಾಪಾರದ ರೀತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಮಗಳಾಗಿ ಅವಳು ಸರಕು. ಮಡದಿಯಾಗಿ ರಾಜ್ಯವಿಲ್ಲದವನ ಸಂಗಡ ದೇಶಾಂತರ ಹೊರಟ ದರಿದ್ರೆ. ಅನಂತರ ಪತಿಯಿಂದಗಲಿ ಕಳ್ಳನ ಕೈಗೆ ಸಿಕ್ಕ ಅನಾಥೆ. ಕಡೆಗೆ ಗಂಡುವೇಷವನ್ನು ತೊಟ್ಟು ತನ್ನನ್ನು ತಾನೇ ಕಾಪಾಡಿಕೊಂಡ ಧೀರೆ. ಒಂದೇ ಹೆಣ್ಣಿನ ಇಷ್ಟು ಅವಸ್ಥೆಗಳನ್ನು ಒಂದೇ ರಾತ್ರಿಯಲ್ಲಿ ಕಾಣಿಸುವ ನಾಟಕವು ಬರಿಯ ವಿನೋದಕ್ಕೆಂದು ಹುಟ್ಟಿದುದಾಗಿರಲಾರದು.

ಕಳ್ಳನ ಪ್ರವೇಶದಲ್ಲಿಯೇ ತೊಡಕಿರುವುದು. ನಿರ್ಜನ ಪ್ರದೇಶದಲ್ಲಿ ಒಂಟಿ ಹೆಂಗಸು, ಎದುರಿಗೆ ದುರುಳ. ಆದರೂ ನಾವು ನಗುತ್ತೇವೆ. 'ಒನ್ಸ್ ಮೋರ್' ಎಂದು ಕೂಗಿ ಅವಳ ಸಂಕಟವನ್ನು ಇನ್ನೊಂದು ಸಲ ನಡೆಯಿಸುತ್ತೇವೆ! ಹಾಸ್ಯವೇ ತಪ್ಪೆಂದು ನಾನು ಹೇಳಲೊಲ್ಲೆ. ಕಳ್ಳನು ನಗಿಸದಿದ್ದರೆ ಆ ದೃಶ್ಯವು ಸಹಿಸಲಾರದಷ್ಟು ಕ್ರೂರವಾಗುತ್ತಿತ್ತು. ಅವನ ಪೆದ್ದುತನವು ಬಯಲಾದಷ್ಟೂ ಅವಳ ಬುದ್ಧಿಯು ಬೆಳಗಬೇಕು, ಅದೇ ದೃಶ್ಯದ ಧರ್ಮ. ಅನೇಕ ಮೇಳಗಳಲ್ಲಿ ನಟನು ತಾನೇ ಮೆರೆಯುವ ಆತುರದಲ್ಲಿ ಅವಳನ್ನು ಬೊಂಬೆಯಂತೆ ನಿಲ್ಲಿಸಿಬಿಡುವನು. ಆಗ ಅವಳು ಯುಕ್ತಿಯಿಂದ ಪಾರಾದಳೆಂದು ಪ್ರೇಕ್ಷಕನಿಗೆ ತೋರುವುದೇ ಇಲ್ಲ. ಅದೃಷ್ಟದಿಂದ ಬದುಕಿದಳೆಂದಷ್ಟೇ ತೋರುವುದು.

ಗಂಡುವೇಷದ ಭಾಗವೂ ವಿಚಾರಾರ್ಹವಾದುದು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ, ಹೆಣ್ಣಾದ ಗಂಡು ಮತ್ತೆ ಗಂಡಾಗುವುದು ಒಂದು ಚಮತ್ಕಾರವಾಗಿ ಮಾತ್ರ ಕಂಡಿರಬಹುದು. ನಟಿಯರು ರಂಗಕ್ಕೆ ಬಂದ ಮೇಲೆ ಅದರ ಅರ್ಥವೇ ಬೇರೆಯಾಯಿತು. ಅದೇ ಮಾತು, ಅದೇ ನಡೆ. ಉಡುಪು ಬದಲಾದೊಡನೆ ಲೋಕವು ಅವಳಿಗೆ ಮಣಿಯುವುದು. ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು ಈ ನಾಟಕವನ್ನು ಮತ್ತೆ ರಂಗಕ್ಕೆ ತಂದು ಕಳ್ಳನ ಪಾತ್ರವನ್ನು ತಾವೇ ವಹಿಸಿದುದು ಇದಕ್ಕೆ ಇನ್ನೊಂದು ತಿರುವು. ಗಂಡಸಿನ ಬಡಾಯಿಯನ್ನು ಹೆಂಗಸೊಬ್ಬಳು ಆಡಿ ತೋರಿಸಿದಾಗ ನಗೆಯು ಯಾರ ಕಡೆಗೆ ತಿರುಗಬೇಕೋ ಆ ಕಡೆಗೇ ತಿರುಗುವುದು.

ಮುಕ್ತಾಯವು ನನಗೆ ರುಚಿಸದು. ಅಷ್ಟು ಸಾಹಸಗೈದವಳು ವೇಷ ಕಳಚಿ ಪತಿಯ ಪಕ್ಕದಲ್ಲಿ ತಲೆಬಾಗಿ ನಿಲ್ಲುವಳು. ಮಗಳನ್ನು ಮಾರಿದ ತಂದೆಗೆ ಅವಳು ಏನು ಹೇಳಬೇಕಾಗಿತ್ತೆಂಬುದು ಮಂಗಳದ ಗದ್ದಲದಲ್ಲಿ ಮುಳುಗಿಹೋಗುವುದು. 1935ರಲ್ಲಿ ಚಲಚ್ಚಿತ್ರವಾಗಿಯೂ ಬಂದ ಈ ಕಥೆಯನ್ನು ಜಾತ್ರೆಗಳಲ್ಲಿ ಆಡಲು ಬಯಸುವ ನಮ್ಮ ತರುಣ ಮೇಳದವರು ಒಂದು ಮಾಡಿ ನೋಡಲಿ: ಕಳ್ಳನ ದೃಶ್ಯವು ಮುಗಿದ ಕೂಡಲೆ ಹಾರ್ಮೋನಿಯಂ ಕೆಲವು ಕ್ಷಣ ಸುಮ್ಮನಿರಲಿ, ಸದಾರಮೆಯೊಬ್ಬಳೇ ರಂಗದ ಮೇಲೆ ಉಳಿಯಲಿ.