‘ಉಚಿತ’ ಅನ್ನೋ ಮಾತು

ಕೋರ್ಟಿನ ಗೋಡೆ ಮೇಲೆ ‘ಉಚಿತ ಕಾನೂನು ನೆರವು’ ಅಂತ ಬರೆದಿರುತ್ತೆ. ಯಾರೋ ಧರ್ಮಕ್ಕೆ ಕೊಟ್ಟ ಹಾಗೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮು ಮಾತಾಡುವುದು ಹಕ್ಕಿನ ಭಾಷೆ. ಪರಿಶಿಷ್ಟರಿಗೆ ಆದಾಯದ ಮಿತಿಯೂ ಇಲ್ಲ.

ವಕೀಲರ ಫೀಜು ಉಳೀತು, ಸರಿ. ವಾಯಿದೆ ದಿನದ ಕೂಲಿ, ಬಸ್ ಚಾರ್ಜು? ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ನೊಂದವರಿಗೂ ಸಾಕ್ಷಿಗಳಿಗೂ ಅದನ್ನು ಸರ್ಕಾರವೇ ಕೊಡಬೇಕು. ಎಷ್ಟು ಜನಕ್ಕೆ ಗೊತ್ತು?

2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಸಾಕ್ಷಿಗಳು ಹೇಳಿಕೆ ಬದಲಿಸಿದ್ದರು. ಕೋರ್ಟಿನ ಕನ್ನಡದಲ್ಲಿ ಇಂಥವರು ‘ಪ್ರತಿಕೂಲ ಸಾಕ್ಷಿ’. ಯಾರಿಗೆ ಪ್ರತಿಕೂಲ? ಸಾಕ್ಷಿ ನುಡಿದ ಕೂಲಿಯವನು ಸಂಜೆ ಬಸ್ಸಿಳಿಯುವುದು ಅದೇ ಊರಲ್ಲಿ. ಬೆಳಿಗ್ಗೆ ಕೆಲಸ ಕೇಳುವುದೂ ಅದೇ ಹೊಲದವರನ್ನ.